ಹನ್ನೆರಡು ವಾರದ ಚಿತ್ರಕಥೆ ಕೋರ್ಸ್: ಮೂರು ಸ್ಟಾರ್, ಅದೂ ಒಬ್ಬ ಮೇಡಂ ದೆಸೆಯಿಂದ

ಆನ್‌ಲೈನ್ ಚಿತ್ರಕಥೆ ಕೋರ್ಸ್ ಮುಗಿಸಿ ಎರಡು ತಿಂಗಳಾಯಿತು. ಸಿನಿಮಾಗೆ, ಟೀವಿಗೆ ಬರೆಯುವುದು ಹೇಗೆ ಅನ್ನುವುದರ ಜೊತೆಗೆ ಬರೆದು ಹೊಟ್ಟೆ ಹೊರೆಯುವುದು ಹೇಗೆ ಅಂತಲೂ ಹೇಳಿಕೊಡುತ್ತೇವೆ ಎಂದು ಜಾಹೀರಾತಿನಲ್ಲಿತ್ತು. ನಡೆಸುವವರ ಹೆಸರು ಬರೆಯುವುದಿಲ್ಲ. ಹೊಗಳಿಕೆಗಿಂತ ಬೈಗುಳ ಜಾಸ್ತಿ ಇದೆ, ಸುಮ್ನೆ ಯಾಕೆ ಜಗಳ. ಇಂಥ ಕೋರ್ಸ್‌ಗಳು ಹೆಚ್ಚೂಕಡಿಮೆ ಒಂದೇ ಅಚ್ಚಿನವು, ಹಾಗಾಗಿ ಸೇರೋಣವಾ ಬೇಡವಾ ಅಂತ ಒದ್ದಾಡುತ್ತಿರುವವರಿಗೆ ಉಪಯೋಗಕ್ಕೆ ಬರಬಹುದು.

ಬರವಣಿಗೆ ಪಾಠಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕೆರಿಯರ್ ಪಾಠಕ್ಕೆ ಎರಡು, ಅದರಲ್ಲಿ ಒಂದೂವರೆ ಒಂದೇ ಒಂದು ಸಂಜೆಯ ತರಗತಿಗೆ. ಸರಾಸರಿ ಮೂರು ಅಂದುಕೊಳ್ಳಿ.

ಮೊದಲ ಮೂರು ವಾರ ಬರೀ ಫಾರ್ಮ್ಯಾಟ್. ಸೀನ್ ಹೆಡಿಂಗ್ ಹೇಗೆ ಹಾಕಬೇಕು, ಮನೆಯೊಳಗೋ ಹೊರಗೋ, ಹಗಲೋ ರಾತ್ರಿಯೋ, ಪಾತ್ರದ ಹೆಸರು ಪುಟದಲ್ಲಿ ಎಲ್ಲಿ ಬರಬೇಕು, ಡೈಲಾಗ್ ಎಷ್ಟು ಅಗಲ ಇರಬೇಕು, ಇಂಗ್ಲಿಷಿನಲ್ಲಿ ಬರೆದರೆ ಕೊರಿಯರ್ ಅನ್ನುವ ಫಾಂಟ್, 12 ಪಾಯಿಂಟ್. ಇಷ್ಟು ತಿಳಿಯಲು ಒಂದು ಸಂಜೆ ಸಾಕು. ಸಾಫ್ಟ್‌ವೇರ್ ಕೊಳ್ಳಲೇಬೇಕು ಅಂತಲೂ ಇಲ್ಲ. ಫೌಂಟನ್ ಅಂತ ಒಂದು ಪದ್ಧತಿ 2012ರಿಂದ ಇದೆ, ಯಾವ ಸಾದಾ ಟೆಕ್ಸ್ಟ್ ಫೈಲಿನಲ್ಲಾದರೂ ಬರೆದು ಆಮೇಲೆ ಚಿತ್ರಕಥೆಯ ರೂಪಕ್ಕೆ ತರಬಹುದು. ಪೈಸೆ ಖರ್ಚಿಲ್ಲ. ಕೋರ್ಸಿನವರು ಇದನ್ನು ಹೇಳಲೇ ಇಲ್ಲ, ಬದಲಿಗೆ ಒಂದು ಸಾಫ್ಟ್‌ವೇರಿನ ರಿಯಾಯಿತಿ ಕೂಪನ್ ಕೊಟ್ಟರು. ಅರ್ಥವಾಯಿತಲ್ವಾ.

ಆದರೆ ಆ ಮೂರು ವಾರದಲ್ಲಿ ಒಂದು ಮಾತು ಮಾತ್ರ ತಲೆಯಲ್ಲಿ ಕೂತಿದೆ. ಶೂಟಿಂಗ್ ಪ್ಲಾನ್ ಮಾಡುವಾಗ ಸ್ಕ್ರಿಪ್ಟಿನ ಪ್ರತಿ ಪುಟವನ್ನೂ ಎಂಟು ಭಾಗ ಮಾಡಿ ಅಳೆಯುತ್ತಾರಂತೆ. ಈ ಸೀನ್ ಒಂದು ಪುಟ ಮೂರು ಎಂಟನೇ ಭಾಗ, ಆ ಸೀನ್ ಬರೀ ಎರಡು ಎಂಟನೇ ಭಾಗ, ಹೀಗೆ. ಅಸಿಸ್ಟೆಂಟ್ ಡೈರೆಕ್ಟರ್ ಅದನ್ನು ಇಟ್ಟುಕೊಂಡು ಯಾವ ದಿನ ಎಷ್ಟು ಮುಗಿಯುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಒಂದು ಪುಟ ಅಂದರೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಅನ್ನುವ ಅಂದಾಜು ಬಂದಿದ್ದೂ ಫಾರ್ಮ್ಯಾಟ್ ಇಷ್ಟು ಬಿಗಿಯಾಗಿರುವುದರಿಂದಲೇ. ಅದು ಬರೀ ಅಂದಾಜು, 'ಎರಡು ಸೈನ್ಯಗಳು ಕಾದಾಡುತ್ತವೆ' ಅಂತ ಅರ್ಧ ಸಾಲು ಬರೆದರೆ ಪರದೆಯ ಮೇಲೆ ಹತ್ತು ನಿಮಿಷ ಹೋಗಬಹುದು. ಅಲ್ಲಿಯವರೆಗೆ ನಾನು ಚಿತ್ರಕಥೆ ಅಂದರೆ ಓದುಗರಿಗೆ ಬರೆಯುವ ಕಥೆಯ ಇನ್ನೊಂದು ರೂಪ ಅಂದುಕೊಂಡಿದ್ದೆ. ಓದುವವರೆಲ್ಲ ಕೆಲಸದವರು ಅನ್ನುವುದು ಹೊಳೆದಿದ್ದು ಆ ಎಂಟನೇ ಭಾಗದ ಲೆಕ್ಕದಿಂದ.

ನಾಲ್ಕನೇ ವಾರದಿಂದ ಮೇಡಂ ಬಂದರು. ವರ್ಷಗಟ್ಟಲೆ ಟೀವಿಗೆ ದಿನಕ್ಕೊಂದು ಎಪಿಸೋಡ್ ಬರೆದವರು. ಕ್ಯಾಮೆರಾ ಆಫ್ ಮಾಡಿ ಕೂತರೆ ಹೆಸರು ಹಿಡಿದು ಕರೆಯುತ್ತಿದ್ದರು.

ನನ್ನ ಕಥೆಯಲ್ಲಿ ಆರು ವರ್ಷದ ಮೇಲೆ ಅಣ್ಣ ಮನೆಗೆ ವಾಪಸ್ ಬರುವ ಸೀನ್ ಇತ್ತು. ನಾಲ್ಕು ಪುಟ ಬರೆದಿದ್ದೆ, ನಾಲ್ಕೂ ಪುಟ ಮಾತು. ತಂಗಿ ಬಾಗಿಲು ತೆಗೆಯುತ್ತಾಳೆ, ಬೆಚ್ಚುತ್ತಾಳೆ, 'ಇಷ್ಟು ವರ್ಷ ಎಲ್ಲಿದ್ದೆ' ಅನ್ನುತ್ತಾಳೆ, ಅವನು ಕಾರಣ ಹೇಳುತ್ತಾನೆ, ಅವಳು ಅಳುತ್ತಾಳೆ. ಒಂದು ಕಡೆ 'ಅವನಿಗೆ ತಾನು ಈ ಮನೆಗೆ ಹೊರಗಿನವನು ಅನ್ನಿಸುತ್ತದೆ' ಅಂತಲೂ ಬರೆದಿದ್ದೆ. ಮೇಡಂ ಆ ಸಾಲಿನ ಕೆಳಗೆ ಗೆರೆ ಎಳೆದು ಕೇಳಿದರು, "ಅನ್ನಿಸಿದ್ದನ್ನ ಕ್ಯಾಮೆರಾ ಎಲ್ಲಿಟ್ಟು ತೆಗೀಲಿ?" ನಾನು ಏನೋ ತೊದಲಿದೆ. "ಮಾತಿಗೆ ಮುಂಚೆ ಅವನ ಕೈಲಿ ಏನಿದೆ ಹೇಳಿ," ಅಂದರು.

ಒಂದು ವಾರ ಯೋಚಿಸಿ ಕೈಗೆ ಬೀಗದ ಕೈ ಕೊಟ್ಟೆ. ಹಳೆಯದು, ಆರು ವರ್ಷ ಜೇಬಿನಲ್ಲೇ ಇಟ್ಟುಕೊಂಡಿದ್ದು. ಅವನು ಬೆಲ್ ಒತ್ತುವುದಿಲ್ಲ, ನೇರ ಬೀಗಕ್ಕೆ ಕೈ ಹಾಕುತ್ತಾನೆ. ಬೀಗದ ಕೈ ಒಳಗೆ ಹೋಗುವುದಿಲ್ಲ. ತಿರುಗಿಸಿ ಮತ್ತೆ ಹಾಕುತ್ತಾನೆ. ಸದ್ದು ಕೇಳಿ ತಂಗಿ ಒಳಗಿಂದ ಬಾಗಿಲು ತೆಗೆಯುತ್ತಾಳೆ, ಮುಖ ನೋಡುತ್ತಾಳೆ, ಆಮೇಲೆ ಕೈ ನೋಡುತ್ತಾಳೆ. "ಬೀಗ ಬದಲಾಯ್ಸಿ ನಾಲ್ಕು ವರ್ಷ ಆಯ್ತು." ಅಷ್ಟೇ ಡೈಲಾಗ್. ಅವನು ಬೀಗದ ಕೈ ಜೇಬಿಗೆ ಹಾಕಿಕೊಳ್ಳುತ್ತಾನೆ, ಅವಳು ಪಕ್ಕಕ್ಕೆ ಸರಿಯುತ್ತಾಳೆ. ನಾಲ್ಕು ಪುಟ ಇದ್ದದ್ದು ಐದು ಎಂಟನೇ ಭಾಗಕ್ಕೆ ಬಂತು.

ಖುಷಿಯಾಗಿ ಕಳಿಸಿದೆ. ಮೇಡಂ ಉತ್ತರ: "ಚೆನ್ನಾಗಿದೆ. ಈಗ ಪ್ರೊಡ್ಯೂಸರ್ ಫೋನ್ ಮಾಡಿ ರಾತ್ರಿ ಶೂಟಿಂಗ್ ಬೇಡ, ಹಗಲಿಗೆ ಮಾಡಿ ಅಂತಾರೆ. ಮಾಡಿ ಕಳಿಸಿ." ಹಗಲಿಗೆ ಮಾಡಿದೆ. "ತಂಗಿ ಪಾತ್ರದವರ ಡೇಟ್ಸ್ ಇಲ್ಲ, ಪಕ್ಕದ ಮನೆಯವರು ತೆಗೀಲಿ." ಅದನ್ನೂ ಮಾಡಿದೆ, ಹಲ್ಲು ಕಡಿದುಕೊಂಡು. ವಿಚಿತ್ರ ಅಂದರೆ ಮೂರನೆಯದು ಎಲ್ಲಕ್ಕಿಂತ ಚೆನ್ನಾಗಿ ಬಂತು, ಯಾಕೆಂದರೆ ಪಕ್ಕದ ಮನೆಯವರಿಗೆ ಅವನು ಯಾರು ಅಂತಲೇ ಗೊತ್ತಿಲ್ಲ, ಕಳ್ಳ ಅಂದುಕೊಳ್ಳುತ್ತಾರೆ. ಈ ವೃತ್ತಿಯಲ್ಲಿ ದಿನನಿತ್ಯ ಏನು ಮಾಡುತ್ತಾರೆ ಅನ್ನುವುದು ನನಗೆ ತಿಳಿದಿದ್ದು ಆ ಎರಡು ವಾರದಲ್ಲಿ. ಹಾಲಿವುಡ್ ಸೆಟ್‌ಗಳಲ್ಲಿ ಶೂಟಿಂಗ್ ಸ್ಕ್ರಿಪ್ಟ್ ಆದಮೇಲೂ ಬದಲಾದ ಪುಟಗಳನ್ನು ಬಣ್ಣದ ಕಾಗದದಲ್ಲಿ ಹಂಚುತ್ತಾರೆ, ಬಿಳಿ ಆದಮೇಲೆ ನೀಲಿ, ಗುಲಾಬಿ, ಹಳದಿ, ಹೀಗೆ. ತಿದ್ದುವುದಕ್ಕೇ ಒಂದು ಕಾಮನಬಿಲ್ಲು ಇಟ್ಟುಕೊಂಡಿರುವ ಕೆಲಸ ಇದು.

ಇನ್ನು ಬೈಗುಳ.

ಎರಡು ಕವರೇಜ್ ರಿಪೋರ್ಟ್ ಕೊಡುತ್ತೇವೆ ಅಂದಿದ್ದರು. ಕಂಪನಿಗಳಿಗೆ ಬರುವ ಸ್ಕ್ರಿಪ್ಟ್ ರಾಶಿಯನ್ನು ದೊಡ್ಡವರು ಓದುವುದಿಲ್ಲ, ರೀಡರ್ ಅಂತ ಒಬ್ಬರು ಓದಿ ಕಥೆಯ ಸಾರಾಂಶ, ಅಭಿಪ್ರಾಯ ಬರೆದು ಕೊನೆಗೆ ಒಂದು ತೀರ್ಪು ಕೊಡುತ್ತಾರೆ. ಅದೇ ಕವರೇಜ್. ತೀರ್ಪು ಮೂರು ಥರ: ಪಾಸ್, ಕನ್ಸಿಡರ್, ರೆಕಮೆಂಡ್. ನನಗೆ ಪಾಸ್ ಬಂತು. ಪರೀಕ್ಷೆ ಬರೆದು ಬೆಳೆದವರಿಗೆ ಪಾಸ್ ಅಂದರೆ ಗೆದ್ದ ಹಾಗೆ ಅಲ್ವಾ, ಮನೆಯವರಿಗೆಲ್ಲ ಹೇಳಿಬಿಟ್ಟೆ. ಆಮೇಲೆ ಗೊತ್ತಾಯಿತು, ಅಲ್ಲಿ ಪಾಸ್ ಅಂದರೆ 'ಬೇಡ' ಅಂತ. ಅದು ನನ್ನ ಪೆದ್ದುತನ, ಬಿಡಿ. ಆದರೆ ರಿಪೋರ್ಟಿನಲ್ಲಿ 'ಡಾಕ್ಟರ್ ಪಾತ್ರವನ್ನು ಇನ್ನಷ್ಟು ಬೆಳೆಸಬಹುದು' ಅಂತಿತ್ತು. ನನ್ನ ಕಥೆಯಲ್ಲಿ ಡಾಕ್ಟರೇ ಇಲ್ಲ. ಬ್ಯಾಚಿನ ಇನ್ನೊಬ್ಬರ ರಿಪೋರ್ಟ್ ಪಕ್ಕಕ್ಕಿಟ್ಟು ನೋಡಿದರೆ ಮೂರು ಪ್ಯಾರಾ ಅಕ್ಷರ ಬಿಡದೆ ಒಂದೇ. ದೂರು ಕೊಟ್ಟೆ. ಹನ್ನೊಂದು ದಿನ ಬಿಟ್ಟು 'ತಾಂತ್ರಿಕ ದೋಷ' ಅಂತ ಉತ್ತರ ಬಂತು. ಎರಡನೇ ರಿಪೋರ್ಟ್ ನಿಜವಾಗಿ ಓದಿ ಬರೆದದ್ದು, ಅದು ಚೆನ್ನಾಗಿತ್ತು, ಅದೂ ಪಾಸೇ.

ಕೆರಿಯರ್ ಪಾಠದಲ್ಲಿ ಒಂದು ಏಣಿಯ ಚಿತ್ರ ತೋರಿಸಿದರು. ಕೆಳಗೆ ರೈಟರ್ಸ್ ಅಸಿಸ್ಟೆಂಟ್, ಮೇಲೆ ಸ್ಟಾಫ್ ರೈಟರ್, ಸ್ಟೋರಿ ಎಡಿಟರ್, ಕೋ-ಪ್ರೊಡ್ಯೂಸರ್, ಪ್ರೊಡ್ಯೂಸರ್, ತುದಿಯಲ್ಲಿ ಶೋರನ್ನರ್, ಅಂದರೆ ಇಡೀ ಧಾರಾವಾಹಿಯ ಹೊಣೆ ಹೊತ್ತವರು. ಇದು ಅಮೆರಿಕದ ಟೀವಿಯ ಏಣಿ, ಅಲ್ಲಿ ಪ್ರೊಡ್ಯೂಸರ್ ಅಂತ ಹೆಸರಿರುವ ಎಷ್ಟೋ ಮೆಟ್ಟಿಲು ನಿಜವಾಗಿ ಬರಹಗಾರರ ದರ್ಜೆಗಳೇ. ಅದನ್ನು ಎಲ್ಲರಿಗೂ ಅನ್ವಯಿಸುವ ಹಾಗೆ ತೋರಿಸಿದ್ದು ತಪ್ಪು. ಸಿನಿಮಾ ಬರೆಯುವವರಿಗೆ ಏಣಿಯೇ ಇಲ್ಲ, ಒಂದು ಸಿನಿಮಾ ಆದಮೇಲೆ ಮುಂದಿನದಕ್ಕೆ ಮತ್ತೆ ನೆಲದಿಂದಲೇ ಶುರು, ಹೆಚ್ಚೆಂದರೆ ಫೋನ್ ಎತ್ತುತ್ತಾರೆ. ಎಷ್ಟೋ ಕಡೆ ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು.

ಆ ಅಮೆರಿಕದ ಏಣಿಯೂ ಈಗ ಗಟ್ಟಿಯಿಲ್ಲ. ಹಿಂದೆ ವರ್ಷಕ್ಕೆ 22 ಎಪಿಸೋಡ್ ಬರುತ್ತಿದ್ದ ಕಡೆ ಈಗ 8, 10 ಎಪಿಸೋಡಿನ ಸೀಸನ್‌ಗಳು. ಕೆಲಸದ ವಾರಗಳು ಕಡಿಮೆ, ಬರಹಗಾರರು ಒಟ್ಟಿಗೆ ಕೂತು ಕಥೆ ಕಟ್ಟುವ ರೂಮಿನಲ್ಲಿ ತಲೆಗಳೂ ಕಡಿಮೆ. ಬರೆದವರು ಶೂಟಿಂಗ್ ಸೆಟ್ಟಿಗೆ ಹೋಗಿ ಕಲಿಯುವುದೂ ತಪ್ಪಿತು, ಹಾಗಾಗಿ ಮೇಲಿನ ಮೆಟ್ಟಿಲಿಗೆ ಬೇಕಾದ ಅನುಭವವೇ ಸಿಗುವುದಿಲ್ಲ. 2023ರಲ್ಲಿ ಅಲ್ಲಿನ ಬರಹಗಾರರ ಸಂಘ ರೈಟರ್ಸ್ ಗಿಲ್ಡ್ ಆಫ್ ಅಮೆರಿಕ ಮೇ 2ರಿಂದ ಸೆಪ್ಟೆಂಬರ್ 27ರವರೆಗೆ 148 ದಿನ ಮುಷ್ಕರ ಹೂಡಿದ್ದರ ಹಿಂದೆ ಇದೂ ಇತ್ತು, ಎಐ ಭಯವೂ ಇತ್ತು. ಕೊನೆಗೆ ಆದ ಒಪ್ಪಂದದಲ್ಲಿ, ಬರಹಗಾರರಿಗೆ ಕೊಡುವ ಸಾಮಗ್ರಿಯಲ್ಲಿ ಎಐ ಬರೆದದ್ದಿದ್ದರೆ ಕಂಪನಿ ಅದನ್ನು ತಿಳಿಸಬೇಕು, ಎಐ ಬಳಸಲೇಬೇಕು ಅಂತ ಬಲವಂತ ಮಾಡುವ ಹಾಗಿಲ್ಲ ಅಂತ ಬಂತು. ಬರೆದು ಬದುಕಬೇಕು ಅನ್ನುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಾ? ಕೋರ್ಸಿನಲ್ಲಿ ಇದಕ್ಕೆ ಸಿಕ್ಕಿದ್ದು ಒಂದು ಸ್ಲೈಡ್.

ಒಂದು ಸಂಜೆ ಮೇಡಂ ಸ್ಲೈಡ್ ಮುಚ್ಚಿ, "ಇವತ್ತು ಅಗ್ರಿಮೆಂಟ್ ಓದೋಣ," ಅಂದರು. ಒಂದೂವರೆ ಸ್ಟಾರ್ ಇದಕ್ಕೇ. ಆಪ್ಷನ್ ಅಂದರೆ ಮಾರಾಟ ಅಲ್ಲ, ಇಷ್ಟು ತಿಂಗಳು ಈ ಸ್ಕ್ರಿಪ್ಟನ್ನು ಬೇರೆಯವರಿಗೆ ಕೊಡುವುದಿಲ್ಲ ಅಂತ ಮುಂಗಡ ತೆಗೆದುಕೊಂಡು ಕಟ್ಟಿಡುವುದು, ಅವಧಿ ಮುಗಿದರೆ ಹಕ್ಕು ನಿಮಗೇ ವಾಪಸ್. ದುಡ್ಡು ಹಂತ ಹಂತವಾಗಿ ಬರುತ್ತದೆ: ಟ್ರೀಟ್‌ಮೆಂಟಿಗೆ (ಡೈಲಾಗ್ ಇಲ್ಲದೆ ಕಥೆಯನ್ನು ವಿವರವಾಗಿ ಬರೆದದ್ದು) ಇಷ್ಟು, ಮೊದಲ ಡ್ರಾಫ್ಟಿಗೆ ಇಷ್ಟು, ತಿದ್ದಿ ಬರೆದಿದ್ದಕ್ಕೆ ಇಷ್ಟು. ಎಷ್ಟು ಸಲ ತಿದ್ದಬೇಕು ಅಂತ ಕಾಗದದಲ್ಲಿ ಇಲ್ಲದಿದ್ದರೆ ತಿದ್ದುತ್ತಲೇ ಇರುತ್ತೀರಿ. ಆಮೇಲೆ ಕ್ರೆಡಿಟ್. ಅಮೆರಿಕದ ಸಿನಿಮಾಗಳಲ್ಲಿ ಎರಡು ಹೆಸರಿನ ನಡುವೆ ಆ ತಿರುಚಿದ 'ಆಂಡ್' ಚಿಹ್ನೆ (&) ಇದ್ದರೆ ಇಬ್ಬರೂ ಜೋಡಿಯಾಗಿ ಬರೆದವರು, 'ಆಂಡ್' ಅಂತ ಪದವಾಗಿ ಇದ್ದರೆ ಬೇರೆ ಬೇರೆಯಾಗಿ ಬರೆದವರು, ಒಬ್ಬರ ಮುಖ ಒಬ್ಬರು ನೋಡಿರದೆಯೂ ಇರಬಹುದು. ಅವತ್ತಿನಿಂದ ಸಿನಿಮಾ ಟೈಟಲ್ ಕಾರ್ಡ್‌ನಲ್ಲಿ ನಾನು ನೋಡುವುದು ಅದೊಂದನ್ನೇ.

ಕೊನೆಯ ವಾರ 'ನಿರ್ಮಾಪಕರ ಮುಂದೆ ಪಿಚ್', ಅಂದರೆ ಕಥೆ ಹೇಳಿ ಒಪ್ಪಿಸುವುದು. ನಾನು ಸೇರಿದ್ದೇ ಅದಕ್ಕೆ. ಅಂಗಿ ಇಸ್ತ್ರಿ ಮಾಡಿ ಕೂತಿದ್ದೆ. ಬಂದಿದ್ದು ಒಂದು ಲಿಂಕ್: ಐದು ನಿಮಿಷದ ವಿಡಿಯೋ ಮಾಡಿ ಅಪ್‌ಲೋಡ್ ಮಾಡಿ, ನಿರ್ಮಾಪಕರು ಬಿಡುವಾದಾಗ ನೋಡುತ್ತಾರೆ. ನನ್ನ ವಿಡಿಯೋ ಇಲ್ಲಿಯವರೆಗೆ 3 ಸಲ ನೋಡಲಾಗಿದೆ ಅಂತ ತೋರಿಸುತ್ತಿದೆ. ಅದರಲ್ಲಿ ಎರಡು ಸಲ ನಾನೇ ನೋಡಿದ್ದು, ಇನ್ನೊಂದು ನನ್ನ ತಂಗಿ.

ಹಾಗಾದರೆ ಸೇರಬಾರದಾ? ಒಂದು ಸ್ಕ್ರಿಪ್ಟನ್ನೂ ಮುಗಿಸದೆ ಮೊದಲ ಹತ್ತು ಪುಟದಲ್ಲೇ ಸುತ್ತುತ್ತಿರುವವರಾದರೆ ಸೇರಿ, ಪ್ರತಿ ವಾರ ಪುಟ ಕೇಳುವ ಒಬ್ಬರು ಇದ್ದರೆ ಮುಗಿಯುತ್ತದೆ. ಬಾಗಿಲು ತೆಗೆಸುತ್ತಾರೆ ಅಂದುಕೊಂಡು ಸೇರಬೇಡಿ. ದುಡ್ಡು ಕಟ್ಟುವ ಮುಂಚೆ ಪಾಠ ಮಾಡುವವರು ಯಾರು, ಎಷ್ಟು ವಾರ ಅವರೇ ಇರುತ್ತಾರೆ, ನಮ್ಮ ಪುಟ ಯಾರು ಓದುತ್ತಾರೆ, ಪಿಚ್ ಅಂದರೆ ನೇರ ಮಾತೋ ವಿಡಿಯೋವೋ ಅಂತ ಕೇಳಿ ಬರಹದಲ್ಲೇ ತರಿಸಿಕೊಳ್ಳಿ.

ಬ್ಯಾಚಿನ ನಾಲ್ಕು ಜನ ಈಗಲೂ ಗುರುವಾರ ರಾತ್ರಿ ಸೇರುತ್ತೇವೆ. ಒಬ್ಬರ ಸೀನ್ ಇನ್ನೊಬ್ಬರು ಗಟ್ಟಿಯಾಗಿ ಓದುತ್ತೇವೆ, ನಾಲಿಗೆ ಎಡವಿದ ಡೈಲಾಗಿಗೆ ಗೆರೆ. ಇದಕ್ಕೆ ಫೀಸ್ ಇಲ್ಲ. ಮೊನ್ನೆ ಕೋರ್ಸಿನವರಿಂದ ಮತ್ತೆ ಮೇಲ್ ಬಂತು, ಅಡ್ವಾನ್ಸ್ಡ್ ಕೋರ್ಸ್ ಶುರುವಾಗುತ್ತಿದೆ, ಹಳೆಯ ವಿದ್ಯಾರ್ಥಿಗಳಿಗೆ ರಿಯಾಯಿತಿ ಅಂತ. ಪಾಠಪಟ್ಟಿ ತೆಗೆದು ನೋಡಿದೆ. ಮೇಡಂ ಹೆಸರಿಲ್ಲ. ಮೊದಲ ಮೂರು ವಾರ ಫಾರ್ಮ್ಯಾಟ್.