ಹೋಂವರ್ಕ್‌ಗೆ ಯಾವುದು ವಾಸಿ: ಗೈಡಾ, ವಿಡಿಯೋನಾ, ಚಾಟ್‌ಬಾಟಾ?

ಮಗಳು ಎಂಟನೇ ಕ್ಲಾಸು, ಮಗ ಆರನೇ ಕ್ಲಾಸು. ಇಬ್ಬರೂ ಸ್ಟೇಟ್ ಸಿಲಬಸ್, ಕನ್ನಡ ಮೀಡಿಯಂ. ಸಂಜೆ ಆದರೆ ಸಾಕು, "ಅಮ್ಮಾ, ಇದಕ್ಕೆ ಉತ್ತರ ಏನು?" ಶುರುವಾಗುತ್ತದೆ. ಈ ವರ್ಷ ಗೈಡು, ಯೂಟ್ಯೂಬ್ ವಿಡಿಯೋ, ಫೋನಿನ ಎಐ ಚಾಟ್‌ಬಾಟ್ ಮೂರನ್ನೂ ಬಳಸಿ ನೋಡಿದೆ. ಎಲ್ಲ ಸಬ್ಜೆಕ್ಟಿಗೂ ಇದೊಂದೇ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಗಣಿತಕ್ಕೆ ವಿಡಿಯೋನೇ ಸರಿ. 12 ಮತ್ತು 18ರ ಲ.ಸಾ.ಅ. (ಎರಡೂ ಸಂಖ್ಯೆಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಕಂಡುಹಿಡಿ ಅಂದರೆ ಗೈಡಿನಲ್ಲಿ ಭಾಗಾಕಾರದ ಮೆಟ್ಟಿಲು ಬರೆದು ಕೆಳಗೆ 36 ಅಂತ ಹಾಕಿರುತ್ತಾರೆ, ಮುಗೀತು. ಮಗ ನೋಡಿದ ವಿಡಿಯೋದಲ್ಲಿ ಮೇಷ್ಟ್ರು 12 ಅಂದರೆ 2×2×3, 18 ಅಂದರೆ 2×3×3 ಅಂತ ಬಿಡಿಸಿ, ಎರಡಕ್ಕೂ ಸಾಲಬೇಕಾದರೆ ಎರಡು 2, ಎರಡು 3 ಬೇಕೇ ಬೇಕು ಅಲ್ವಾ ಅಂತ ಕೇಳಿದರು. ಅರ್ಥ ಆಗದಿದ್ದಲ್ಲಿ ಹಿಂದಕ್ಕೆ ಹಾಕಿ ಮತ್ತೆ ನೋಡಬಹುದು. ಚಾಟ್‌ಬಾಟೂ ಸರಿಯಾಗೇ ಹೇಳಿತು, ಆದರೆ ಪೂರ್ತಿ ಲೆಕ್ಕ ಮಾಡಿಕೊಟ್ಟುಬಿಡುತ್ತದೆ, ಹುಡುಗ ಸುಮ್ನೆ ನೋಡಿಕೊಂಡು ಬರೆಯುತ್ತಾನೆ. "ಉತ್ತರ ಹೇಳಬೇಡ, ಮುಂದಿನ ಹೆಜ್ಜೆ ಮಾತ್ರ ಹೇಳು" ಅಂತ ಮೊದಲೇ ಬರೆದರೆ ಪರವಾಗಿಲ್ಲ.

ವಿಜ್ಞಾನದಲ್ಲಿ ಮಾತ್ರ ಚಾಟ್‌ಬಾಟ್ ಗೆದ್ದಿತು. ಪ್ರೆಷರ್ ಕುಕ್ಕರಿನಲ್ಲಿ ಅಡುಗೆ ಬೇಗ ಆಗುವುದೇಕೆ? ಗೈಡಿನದು ಒಂದೇ ಸಾಲು: ಒತ್ತಡ ಹೆಚ್ಚಿದಾಗ ಕುದಿಯುವ ಬಿಂದು ಹೆಚ್ಚುತ್ತದೆ. ಪರೀಕ್ಷೆಗೆ ಸಾಕು, ಮಗಳಿಗೆ ಸಾಲಲಿಲ್ಲ. ಚಾಟ್‌ಬಾಟನ್ನು ಕೇಳಿದಳು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಕುಕ್ಕರಿನೊಳಗೆ ಸುಮಾರು 120 ಡಿಗ್ರಿವರೆಗೆ ಹೋಗುತ್ತದೆ, ಅದಕ್ಕೇ ಬೇಳೆ ಬೇಗ ಬೇಯುತ್ತದೆ ಎಂದಿತು. ಹಾಗಾದರೆ ಎತ್ತರದ ಬೆಟ್ಟದ ಮೇಲೆ? ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 100ಕ್ಕಿಂತ ಮೊದಲೇ ಕುದಿಯುತ್ತದೆ, ಅನ್ನ ನಿಧಾನ. ಹೀಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರೂ ಬೇಸರಿಸದೆ ಹೇಳುವುದು ಗೈಡಿಂದಾಗಲಿ ವಿಡಿಯೋದಿಂದಾಗಲಿ ಆಗುವ ಕೆಲಸವಲ್ಲ.

ಅದೇ ಚಾಟ್‌ಬಾಟ್ ಕನ್ನಡ ವ್ಯಾಕರಣದಲ್ಲಿ ಕೈಕೊಟ್ಟಿತು. ಮಳೆಗಾಲ ಯಾವ ಸಂಧಿ ಅಂದರೆ ಲೋಪಸಂಧಿ ಎಂದಿತು, ಅದೂ ಎಷ್ಟು ಧೈರ್ಯವಾಗಿ! ಮಳೆ + ಕಾಲ, ಕಕಾರ ಹೋಗಿ ಗಕಾರ ಬಂದಿದೆ, ಇದು ಆದೇಶಸಂಧಿ. ಗೈಡಿನಲ್ಲಿ ಸರಿಯಾಗಿತ್ತು, ಜೊತೆಗೆ ಬೆಟ್ಟದಾವರೆ, ಹೊಸಗನ್ನಡ ಅಂತ ಇನ್ನಷ್ಟು ಉದಾಹರಣೆಗಳೂ ಇದ್ದವು. ವ್ಯಾಕರಣಕ್ಕೆ ಕಣ್ಣು ಮುಚ್ಚಿಕೊಂಡು ಗೈಡು ತೆಗೆದುಕೊಳ್ಳಿ.

ಪ್ರಬಂಧಕ್ಕೆ ಮೂರೂ ಬೇಡ. "ನಾನು ನೋಡಿದ ಜಾತ್ರೆ"ಗೆ ಗೈಡಿನದನ್ನೂ ಚಾಟ್‌ಬಾಟಿನದನ್ನೂ ಓದಿದೆ, ಅದು ಯಾವ ಊರಿನ ಜಾತ್ರೆಯೋ ಗೊತ್ತೇ ಆಗುವುದಿಲ್ಲ. ಮಗಳು ತಾನೇ ಬರೆದದ್ದರಲ್ಲಿ ಬಾಳೆಹಣ್ಣಿಗೆ ದವನ ಸಿಕ್ಕಿಸಿ ತೇರಿಗೆ ಎಸೆದದ್ದು, ಅದು ಕಳಸಕ್ಕೆ ತಾಗದೆ ಯಾರದೋ ತಲೆ ಮೇಲೆ ಬಿದ್ದದ್ದು ಎಲ್ಲಾ ಇತ್ತು. ತಪ್ಪುಗಳೂ ಇದ್ದವು, ಇರಲಿ ಬಿಡಿ.

ಸಮಾಜ ವಿಜ್ಞಾನಕ್ಕೆ ಹಳೆ ಗೈಡು ದೊಡ್ಡ ಅಪಾಯ. ಪಕ್ಕದ ಮನೆಯಿಂದ ಬಂದ ಗೈಡಿನಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ ಅಂತಿತ್ತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ 31. ಇಸವಿ, ಹೆಸರು, ಸಂಖ್ಯೆ ಇರುವ ಪ್ರಶ್ನೆಗೆ ನಾನು ಈಗ ಪಠ್ಯಪುಸ್ತಕವನ್ನೇ ತೆಗೆಸುತ್ತೇನೆ. ಉತ್ತರ ಜಾಸ್ತಿ ಸಲ ಪಾಠದ ಒಳಗೇ ಇರುತ್ತದೆ, ಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ್ದೇ ವಿಡಿಯೋಗಳೂ ಸಿಗುತ್ತವೆ. ಪುಸ್ತಕ ಶಾಲೆಯಲ್ಲೇ ಬಿಟ್ಟು ಬಂದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಪುಕ್ಕಟೆ ಇದೆ, ಇಳಿಸಿಕೊಂಡು ಫೋನಿನಲ್ಲಿ ಇಟ್ಟುಕೊಳ್ಳಿ.