ಸಾವಿರ ತುಂಡಿನ ರೇಷ್ಮೆ ದಾರಿ: ಮರಳು ಚೆನ್ನಾಗಿದೆ, ಸಮುದ್ರ ಖಾಲಿ

ಚೀನಾದಿಂದ ಪಶ್ಚಿಮಕ್ಕೆ ಹೋಗುತ್ತಿದ್ದ ಹಳೇ ವ್ಯಾಪಾರದ ದಾರಿ, ಅಂದರೆ ರೇಷ್ಮೆ ದಾರಿಯ ನಕ್ಷೆ ಇರುವ ಸಾವಿರ ತುಂಡಿನ ಜಿಗ್ಸಾ ಪಜಲ್ ಇದು. ನಾನೂ ಮಗಳೂ ಕೂತು ಜೋಡಿಸಿ ಮುಗಿಸಲು ಹನ್ನೊಂದು ಸಂಜೆ ಬೇಕಾಯಿತು. ಅದರಲ್ಲಿ ನಾಲ್ಕನ್ನು ಪಶ್ಚಿಮ ಚೀನಾದ ತಕ್ಲಮಕಾನ್ ಮರುಭೂಮಿಯೊಂದೇ ನುಂಗಿತು.

ಎಲ್ಲ ತುಂಡೂ ಒಂದೇ ಹಳದಿ. ಗುರುತಿಗೆ ಒಂದು ಗೆರೆಯೂ ಇಲ್ಲ. ಮೊದಲ ದಿನ ಇಬ್ಬರೂ ಬೈದುಕೊಂಡೆವು. ಎರಡನೇ ದಿನ ಮಧ್ಯವನ್ನು ಸುಮ್ನೆ ಬಿಟ್ಟು ಅಂಚಿನಿಂದ ಶುರು ಮಾಡಿದೆವು. ಊರುಗಳೆಲ್ಲ ಇರುವುದೇ ಅಲ್ಲಿ. ಉತ್ತರದಲ್ಲಿ ಕುಚಾ, ಅಕ್ಸು, ದಕ್ಷಿಣದಲ್ಲಿ ಖೋತಾನ್. ಬೆಟ್ಟದ ಹಿಮ ಕರಗಿ ಹರಿದು ಬರುವ ನೀರಿಗೆ ಅಂಟಿಕೊಂಡ ಊರುಗಳವು. ಪೂರ್ವದ ದುನ್‌ಹುವಾಂಗ್ ಕಡೆಯಿಂದ ಬಂದ ದಾರಿ ಎರಡಾಗಿ ಒಡೆದು, ಮರಳನ್ನು ಬಳಸಿಕೊಂಡು ಹೋಗಿ, ಕಾಶ್ಗರ್‌ನಲ್ಲಿ ಮತ್ತೆ ಸೇರುತ್ತದೆ. ಒಂಟೆಯವರು ಮಾಡಿದ್ದೂ ಇದನ್ನೇ ಅಲ್ವಾ! ಓದಿ ಗೊತ್ತಿದ್ದ ವಿಷಯ ಬೆರಳಿಗೆ ಗೊತ್ತಾಗಿದ್ದು ಆವತ್ತು.

ಚಿತ್ರ ಬರೆದವರಿಗೆ ಮಾತ್ರ ಈ ದಾರಿಯ ಬಗ್ಗೆ ಯಾರೂ ಸರಿಯಾಗಿ ಹೇಳಿದಂತಿಲ್ಲ. ದುನ್‌ಹುವಾಂಗ್ ಪಕ್ಕ ನಿಂತಿರುವ ಒಂಟೆಗೆ ಒಂದೇ ಡುಬ್ಬ. ಆ ಕಡೆ ಹೊರೆ ಹೊತ್ತದ್ದು ಎರಡು ಡುಬ್ಬದ ಒಂಟೆ. ಇದು ಸಣ್ಣ ತಪ್ಪು, ಬಿಡಿ. ಚೀನಾದ ಹಳೇ ರಾಜಧಾನಿ ಚಾಂಗಾನ್‌ನಿಂದ ರೋಮ್‌ವರೆಗೆ ಎಳೆದ ದಪ್ಪ ಕೆಂಪು ಗೆರೆ ನನಗೆ ಜಾಸ್ತಿ ಕಿರಿಕಿರಿ ಮಾಡಿತು. ಒಬ್ಬನೇ ವ್ಯಾಪಾರಿ ಈ ತುದಿಯಿಂದ ಆ ತುದಿಗೆ ನಡೆದುಬಿಟ್ಟ ಹಾಗಿದೆ. ಸರಕು ಕೈಯಿಂದ ಕೈಗೆ, ಸಂತೆಯಿಂದ ಸಂತೆಗೆ ದಾಟುತ್ತಿತ್ತು. 'ರೇಷ್ಮೆ ದಾರಿ' ಅನ್ನುವ ಹೆಸರನ್ನು ಬಳಕೆಗೆ ತಂದದ್ದೂ ತೀರಾ ಈಚೆಗೆ, 1877ರಲ್ಲಿ, ರಿಚ್ಟೋಫೆನ್ ಎಂಬ ಜರ್ಮನ್ ಭೂಗೋಳ ತಜ್ಞ.

ಜೊತೆಗೆ ಕೊಟ್ಟ ಕೈಪಿಡಿ ಎರಡೇ ಪುಟ. 'ಬೌದ್ಧ ಧರ್ಮ ಹರಡಿತು' ಅಂತ ಒಂದು ಬಾಣ. ಧರ್ಮ ತಾನಾಗಿ ನಡೆಯುತ್ತದಾ? ಕುಚಾದಲ್ಲಿ ಹುಟ್ಟಿದ ಬೌದ್ಧ ಭಿಕ್ಷು ಕುಮಾರಜೀವ 401ರಲ್ಲಿ ಚಾಂಗಾನ್ ತಲುಪಿ, ಕೂತು, ಗ್ರಂಥಗಳನ್ನು ಚೀನೀ ಭಾಷೆಗೆ ತಂದ. ಅವನ ಹೆಸರೇ ಇಲ್ಲ. ಮಿವ್ನಾಯ್ ಕೂಡ ಇಲ್ಲ. ನಾಲ್ಕನೇ ಶತಮಾನದ ಶುರುವಿನಲ್ಲಿ ದುನ್‌ಹುವಾಂಗ್‌ನಲ್ಲಿ ಗಂಡ ಬಿಟ್ಟುಹೋದ, ಮಧ್ಯ ಏಷ್ಯಾದ ಸೋಗ್ಡಿಯನ್ ಎಂಬ ವ್ಯಾಪಾರಿ ಜನಾಂಗದ ಹೆಂಗಸು ಅವಳು. ನಿನ್ನ ಹೆಂಡತಿಯಾಗುವುದಕ್ಕಿಂತ ನಾಯಿಯ ಹೆಂಡತಿಯೋ ಹಂದಿಯ ಹೆಂಡತಿಯೋ ಆಗಿದ್ದರೆ ವಾಸಿಯಿತ್ತು ಅಂತ ಅವನಿಗೆ ಕಾಗದ ಬರೆದಳು. ಆ ಕಾಗದ ತಲುಪಲೇ ಇಲ್ಲ. 1907ರಲ್ಲಿ ಪಾಳುಬಿದ್ದ ಕಾವಲು ಗೋಪುರವೊಂದರಲ್ಲಿ ಸಿಕ್ಕಿತು. ಇದನ್ನು ಹೇಳಿದ ಮೇಲೆ ಮಗಳು ಆ ಮೂಲೆಯ ತುಂಡುಗಳನ್ನೆಲ್ಲ ತಾನೇ ಜೋಡಿಸಿದಳು.

ಇನ್ನು ಸಮುದ್ರ. ಭಾರತ ಮತ್ತು ಈಜಿಪ್ಟ್ ನಡುವೆ ಬರೀ ನೀಲಿ, ಅದರಲ್ಲಿ ಎರಡು ತಿಮಿಂಗಿಲ. ಮುಂಗಾರು ಗಾಳಿ ಹಿಡಿದು ಕೇರಳದ ಹಳೇ ಬಂದರು ಮುಜಿರಿಸ್‌ಗೆ ಬಂದು, ಹಿಂಗಾರಿನ ಗಾಳಿಯಲ್ಲಿ ಮೆಣಸು ತುಂಬಿಕೊಂಡು ಕೆಂಪು ಸಮುದ್ರಕ್ಕೆ ಮರಳುತ್ತಿದ್ದ ಹಡಗು ಒಂದೂ ಇಲ್ಲ. ಈಜಿಪ್ಟಿನ ಬೆರೆನಿಕೆ ಬಂದರಿನ ಗುಡಿಯೊಂದರಲ್ಲಿ ಭಾರತದ ಹರವಿಯೊಂದು ಸಿಕ್ಕಿದೆ, ಒಳಗೆ ಏಳೂವರೆ ಕಿಲೋ ಕರಿಮೆಣಸು. 2022ರಲ್ಲಿ ಅಲ್ಲೇ ಬುದ್ಧನ ಮೂರ್ತಿಯೂ ಸಿಕ್ಕಿತು. ಮೆಣಸಿನ ಜೊತೆ ದೇವರೂ ಹಡಗು ಹತ್ತಿದ ದಾರಿಯಲ್ಲಿ ತಿಮಿಂಗಿಲ ಬಿಡಿಸಿದ್ದಾರೆ!

ರಟ್ಟು ಗಟ್ಟಿಯಿದೆ, ಬಣ್ಣ ಚೆನ್ನಾಗಿದೆ, ತುಂಡುಗಳು ಬಿಗಿಯಾಗಿ ಕೂರುತ್ತವೆ. ಐದಕ್ಕೆ ಮೂರು ಸ್ಟಾರ್. ಒಂದು ತುಂಡು ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಕಂಪನಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಅದು ಕೆಂಪು ಸಮುದ್ರದ ದಂಡೆಯ ತುಂಡು, ಬೆರೆನಿಕೆ ಇರಬೇಕಾದ ಜಾಗ. ಹಳೇ ರಟ್ಟು ಕತ್ತರಿಸಿ ಕೂರಿಸಿದ್ದೇವೆ. ಮಗಳು ಅದರ ಮೇಲೆ ಒಂದು ಹರವಿ ಬಿಡಿಸಿ, ಬಾಯಿತುಂಬ ಕಪ್ಪು ಚುಕ್ಕೆ ಇಟ್ಟಿದ್ದಾಳೆ.