ಕಬ್ಬಿನ ಲೆಕ್ಕಕ್ಕೆ ಒಂದೇ ಟೇಬಲ್ಲಾ, ಎರಡಾ?

ಮಂಡ್ಯದ ಒಂದು ಆಲೆಮನೆಗೆ ಬರುವ ಕಬ್ಬಿನ ಲೆಕ್ಕವನ್ನೇ ತಗೊಳ್ಳಿ. ಕಂಪ್ಯೂಟರಿನ ಡೇಟಾಬೇಸಿನಲ್ಲಿ ಎಲ್ಲವನ್ನೂ ಒಂದೇ ಟೇಬಲ್ಲಿನಲ್ಲಿ, ಅಂದರೆ ಸಾಲು-ಕಾಲಮ್ಮಿನ ಒಂದೇ ಪಟ್ಟಿಯಲ್ಲಿ ಇಟ್ಟರೆ ಶುರು ಮಾಡೋದು ಸುಲಭ. ಆದರೆ ಪ್ರತಿ ಲೋಡಿಗೂ ರೈತರ ಹೆಸರು, ಊರು, ಫೋನ್ ನಂಬರ್ ಮತ್ತೆ ಮತ್ತೆ ಬರೆಯಬೇಕು. ಒಂದು ಸಾಲಿನಲ್ಲಿ ‘ಕೆರಗೋಡು’, ಇನ್ನೊಂದರಲ್ಲಿ ‘ಕೆರೆಗೋಡು’ ಅಂತಿದ್ದರೆ ಕಂಪ್ಯೂಟರಿಗೆ ಅವು ಎರಡು ಊರು! 40 ಲೋಡ್ ತಂದವರ ನಂಬರ್ ಬದಲಾದರೆ 40 ಸಾಲು ತಿದ್ದಬೇಕು.

ರೈತರಿಗೊಂದು, ಲೋಡಿಗೊಂದು ಟೇಬಲ್ ಮಾಡಿದರೆ ಒಂದು ಕಡೆ ತಿದ್ದಿದರೆ ಸಾಕು. ಲೋಡಿನ ಸಾಲಿನಲ್ಲಿ ರೈತರ ಐಡಿ ಮಾತ್ರ ಇರುತ್ತದೆ, ಹೀಗೆ ಇನ್ನೊಂದು ಟೇಬಲ್ಲಿನ ಸಾಲನ್ನು ತೋರಿಸುವ ಐಡಿಯೇ ಫಾರಿನ್ ಕೀ. ವರದಿಗೆ ಜಾಯಿನ್, ಅಂದರೆ ಎರಡೂ ಟೇಬಲ್ ಜೋಡಿಸಿ ಓದುವ ಆದೇಶ ಬರೆಯಬೇಕು, ಅಷ್ಟೇ ಜಾಸ್ತಿ ಕೆಲಸ. ವರ್ಷಗಟ್ಟಲೆ ನಡೆಯುವ ಲೆಕ್ಕವಾದರೆ ನಾನಂತೂ ಇದನ್ನೇ ಹೇಳುತ್ತೇನೆ.

ಆ ದಿನದ ದರವನ್ನು ಮಾತ್ರ ಲೋಡಿನ ಸಾಲಿನಲ್ಲೇ ಇಡಿ. ಬೇರೆ ಕಡೆ ಒಂದೇ ದರ ಇಟ್ಟು ನಾಳೆ ತಿದ್ದಿದರೆ ಹಳೆ ಬಿಲ್ಲಿನ ಮೊತ್ತವೂ ಬದಲಾಗಿಬಿಡುತ್ತದೆ, ಅಲ್ವಾ?